ಸವಣೂರು ಬಸ್ಸಿನ ಬುತ್ತಿ

ಆ ಮಂಗಳವಾರ ಬೆಳಿಗ್ಗೆ ನಮ್ಮ ಮನೆಯವರು ರೊಟ್ಟಿಯ ಮೇಲೆ ಅಗಸಿ ಚಟ್ನಿ ಹಾಕಿಕೊಂಡು, ಬೆರಳಿನಿಂದ ಅದರ ನಡುವೆ ಕುಣಿ ಮಾಡಿ ನನ್ನ ಕಡೆ ನೋಡಿದರು. ನಮ್ಮ ಕಡೆ ಪುಡಿ ಚಟ್ನಿಗೆ ಹೀಗೆ ಕುಣಿ ಮಾಡಿ ಹಸಿ ಎಣ್ಣೆ ಹಾಕಿಸಿಕೊಳ್ಳುವುದು ರೂಢಿ. ನಾನು ಕುಸುಬಿ ಎಣ್ಣೆ ಒಂದು ಚಮಚ ಹಾಕಿದೆ.

"ಕುಣಿ ತುಂಬಲಿಲ್ಲಲ್ಲ," ಎಂದರು.

"ಕುಣಿ ಸಣ್ಣದು ಮಾಡ್ರಿ. ಬಾವಿ ತೋಡಿ ಕುಂತೀರಿ."

"ಬಾವಿ ತೋಡಿದವಗ ನೀರು ಸಿಗಬೇಕಲ್ಲ?"

"ಡಾಕ್ಟರು ಒಂದ ಚಮಚ ಅಂದಾರ. ಬಾವಿ ಬಗ್ಗೆ ಏನೂ ಅಂದಿಲ್ಲ."

ನಕ್ಕು ಉಂಡರು. ಖಾಕಿ ಅಂಗಿ ತೊಟ್ಟು, ಟಿಕೆಟ್ ಮಷೀನಿನ ಚೀಲ ಒಂದು ಹೆಗಲಿಗೆ, ಬುತ್ತಿಯ ಚೀಲ ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಹೊಸ್ತಿಲ ಹತ್ತಿರ ನಿಂತು ಹೇಳಿದರು: "ನಾಳೆ ರಕ್ತದ ರಿಪೋರ್ಟ್ ಬರತೈತಿ. ನಲವತ್ತು ದಾಟಿತಂದ್ರ ನೀ ಬಸ್ ಹತ್ತಬೇಕ ನೋಡು. ಮಾತು ಕೊಟ್ಟಿ."

"ಮೊದಲ ದಾಟಲಿ ತಗೋರಿ. ಆಮ್ಯಾಲ ಹತ್ತೋಣು."

ಸಂಜೆ ಬಂದರು, ಕೆರೆಯ ಕಡೆ ಒಂದು ಸುತ್ತು ನಡೆದು ಬಂದೆವು, ಉಂಡರು, ಮಲಗಿದರು. ಬೇರೆ ದಿನಗಳಿಗಿಂತ ಹೆಚ್ಚಿನದೇನೂ ಆ ದಿನ ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಚಪ್ಪಲಿಯ ಪಟ್ಟಿ ಹಾಕಲು ಬಗ್ಗಿದವರು ಹಾಗೆಯೇ ಪಕ್ಕಕ್ಕೆ ಒರಗಿದರು. ಹಾವೇರಿಯ ಆಸ್ಪತ್ರೆಗೆ ಒಯ್ದೆವು. ತಲೆಯೊಳಗಿನ ರಕ್ತನಾಳ ಒಡೆದಿದೆ ಎಂದರು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು.

ಮಾತನಾಡಿಸಲು ಬಂದವರೆಲ್ಲ ಆ ಬುಧವಾರದ ವಿಷಯವನ್ನೇ ಕೇಳುತ್ತಾರೆ. ನಾನು ಉತ್ತರ ಹೇಳುತ್ತೇನೆ. ಆದರೆ ನನಗೆ ಬರೆದಿಡಬೇಕೆನಿಸಿರುವುದು ಅದಕ್ಕಿಂತ ಹಿಂದಿನ ಹದಿನಾರು ತಿಂಗಳ ಸುದ್ದಿ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಬೇರೆ ಯಾವಾಗಲೂ ನಾವು ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ನಮ್ಮವರು ಸರಕಾರಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಹಾನಗಲ್ಲಿನಿಂದ ಶಿಗ್ಗಾಂವಿಗೆ, ಅಲ್ಲಿಂದ ಸವಣೂರಿಗೆ, ಮಧ್ಯಾಹ್ನ ತಿರುಗಿ ಹಾನಗಲ್ಲಿಗೆ ಬಂದು ಹಿರೇಕೆರೂರಿಗೆ, ಸಂಜೆ ಮನೆಗೆ. ವರ್ಷಗಟ್ಟಲೆ ಅದೇ ರೂಟು. ನಾನು ಮಾತ್ರ ಒಂದು ದಿನವೂ ಆ ಬಸ್ಸು ಹತ್ತಿರಲಿಲ್ಲ. ನನ್ನ ತವರುಮನೆ ಇರುವುದು ಎರಡು ಓಣಿ ಆಚೆ. ತವರಿಗೆ ಹೋಗಲು ಬಸ್ಸು ಬೇಕಿರಲಿಲ್ಲ. ಗಂಡ ಡ್ಯೂಟಿ ಮಾಡುವಲ್ಲಿ ಹೆಂಡತಿ ಹೋಗಿ ಕುಳಿತರೆ ಜನ ನೋಡಿ ನಗುತ್ತಾರೆ ಎಂಬ ನಾಚಿಕೆಯೂ ಇತ್ತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವರು ಆಗಾಗ ಆಡಿಕೊಳ್ಳುತ್ತಿದ್ದರು: "ಇಡೀ ತಾಲೂಕಿನ ಹೆಣ್ಣಮಕ್ಕಳು ನನ್ನ ಬಸ್ ಹತ್ಯಾರ. ನಮ್ಮ ಮನ್ಯಾಕಿ ಒಬ್ಬಾಕಿ ಉಳದಾಳ."

ಡಿಪೋದಲ್ಲಿ ಒಮ್ಮೆ ಎಲ್ಲರ ರಕ್ತ ಪರೀಕ್ಷೆ ಮಾಡಿದರು. ನಮ್ಮವರ ಕಾಗದದಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದಿತ್ತು. ಅದನ್ನು ಹಿಡಿದು ಇಬ್ಬರೂ ನಮ್ಮೂರಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಹೆಣ್ಣುಮಗಳು, ನಮ್ಮ ಭಾಷೆಯಲ್ಲೇ ಮಾತಾಡುವವರು.

"ರಕ್ತದಾಗ ಎರಡು ಥರದ ಕೊಲೆಸ್ಟ್ರಾಲ್ ಇರತಾವ್ರಿ," ಎಂದರು. "ಒಂದು ನಾಳದಾಗ ಕೂಡಿ ಕುಂದ್ರತೈತಿ. ಇನ್ನೊಂದು ಒಳ್ಳೇದು, ಕುಂತದ್ದನ್ನ ಎತ್ತಿಕೊಂಡು ಲಿವರಿಗೆ ಒಯ್ದು ಹಾಕತೈತಿ. ಈ ಒಯ್ಯೋದು ನಿಮಗ ಕಡಿಮಿ ಐತಿ."

ನಮ್ಮವರು ಸ್ವಲ್ಪ ಯೋಚಿಸಿದರು. "ಅಂದ್ರ ಸ್ಟ್ಯಾಂಡ್ ತುಂಬ ಪ್ಯಾಸೆಂಜರ್ ನಿಂತಾರ, ಬಸ್ ಇಲ್ಲ."

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. "ಹೌದ್ರಿ. ಹಂಗ ತಿಳಕೋರಿ."

"ಎಷ್ಟು ಬಸ್ ಬೇಕ್ರಿ ಹಂಗಾರ?"

"ಗಂಡಸರಿಗೆ ನಲವತ್ತರ ಮ್ಯಾಲ ಇರಬೇಕು. ನಿಮ್ಮವು ಇಪ್ಪತ್ತೊಂಬತ್ತ ಅದಾವ."

ದಿನಾ ಏನು ತಿನ್ನುತ್ತೀರಿ ಎಂದು ಕೇಳಿದಾಗ ನಮ್ಮವರು ನನ್ನ ಮುಖ ನೋಡಿದರು. ಅಲ್ಲಿಯೇ ನನಗೂ ಮೊದಲ ಸಲ ಪೂರ್ತಿ ಗೊತ್ತಾದದ್ದು. ಬಸ್ಸು ನಿಲ್ಲಿಸಿದ ಹೋಟೆಲ್ಲಿನವರು ಡ್ರೈವರ್ ಕಂಡಕ್ಟರರಿಗೆ ಮೊದಲ ಪ್ಲೇಟು ತಾವೇ ಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಬೇಡ ಎಂದರೆ ಅವಮಾನ. ಶಿಗ್ಗಾಂವಿಯಲ್ಲಿ ಬಿಸಿ ಮಿರ್ಚಿ ಭಜಿ, ಸವಣೂರಿನಲ್ಲಿ ಕರಿದ ಖಾರದ ಜೊತೆ ಚಹಾ, ಹಿರೇಕೆರೂರಿನಲ್ಲಿ ಮಂಡಕ್ಕಿಯ ಜೊತೆ ಭಜಿ. ಆಮೇಲೆ ಸವಣೂರಿನ ಎಳೆ ಎಲೆ, ಅಡಿಕೆ, ತಂಬಾಕು.

ಡಾಕ್ಟರು ಒಂದು ಅಚ್ಚಾದ ಹಾಳೆ ಕೊಟ್ಟರು. ಅದರಲ್ಲಿ ಓಟ್ಸ್, ಅಕ್ರೋಟ, ಸಮುದ್ರದ ಮೀನು, ಆಲಿವ್ ಎಣ್ಣೆ ಎಂದೆಲ್ಲ ಇತ್ತು. ನಾವು ಮೀನು ತಿನ್ನುವವರಲ್ಲ. ಆಲಿವ್ ಎಣ್ಣೆಯನ್ನು ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು "ಯಾರಿಗೆ ಬ್ಯಾನಿ ಅಕ್ಕಾರ? ಮೊಣಕಾಲಿಗನ?" ಎಂದ. ನಾನು ತಿರುಗಿ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಹಾಳೆಯನ್ನು ಪಕ್ಕಕ್ಕಿಟ್ಟು ಕೇಳಿದರು: "ರೊಟ್ಟಿ ಹಬ್ಬಕ್ಕ ಮನ್ಯಾಗ ಏನೇನ ಮಾಡ್ತೀರಿ?"

ಪಂಚಮಿಗೆ ಮುಂಚೆ ಬರುವ ಹಬ್ಬ ಅದು. ರೊಟ್ಟಿ ಬಡಿದು, ಹಲವು ತರದ ಕಾಳು ಪಲ್ಯೆ ಚಟ್ನಿ ಮಾಡಿ, ಓಣಿಯ ಮನೆಮನೆಗೂ ಕೊಟ್ಟು, ಅವರ ರೊಟ್ಟಿ ತೆಗೆದುಕೊಳ್ಳುತ್ತೇವೆ. ನಾನು ಹೇಳುತ್ತ ಹೋದೆ: ಬಿಳಿಜೋಳದ ರೊಟ್ಟಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮೊಳಕೆ ಮಡಕಿಕಾಳು, ಹೆಸರುಕಾಳು, ಹಸಿ ಮೆಂತೆ, ಸೌತೆಕಾಯಿ, ಗಜ್ಜರಿ.

"ಇದನ್ನ ದಿನಾ ಮಾಡ್ರಿ," ಎಂದರು. "ಓಟ್ಸ್ ಬ್ಯಾಡ ಏನೂ ಬ್ಯಾಡ. ಕರಿದದ್ದು ಬಿಡಸ್ರಿ, ವನಸ್ಪತಿ ತುಪ್ಪ ಬಿಡಸ್ರಿ. ಬರೇ ಊಟದಿಂದ ಒಳ್ಳೇದು ಭಾಳ ಏರೂದಿಲ್ಲ ಮತ್ತ. ನಡೀಬೇಕು, ತಂಬಾಕು ಬಿಡಬೇಕು. ಎಲ್ಲಾ ಕೂಡಿದ್ರ ಏರತೈತಿ."

ಮರುದಿನದಿಂದ ನಮ್ಮ ಮನೆಯಲ್ಲಿ ದಿನಾ ರೊಟ್ಟಿ ಹಬ್ಬ. ಅಗಸಿಯನ್ನು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಸೇರಿಸಿ ಕುಟ್ಟುವಾಗ ಆಚೆ ಮನೆಯವರಿಗೂ ವಾಸನೆ ಹೋಗುತ್ತಿತ್ತು. ಮೂರು ಅಂತಸ್ತಿನ ಸ್ಟೀಲ್ ಡಬ್ಬಿಯ ತುಂಬ ಬುತ್ತಿ ಕಟ್ಟುತ್ತಿದ್ದೆ. ಸಂಜೆ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಚಟ್ನಿಯ ಒಂದು ಕಣವೂ ಇರುತ್ತಿರಲಿಲ್ಲ. ನನಗೆ ಬಹಳ ಸಮಾಧಾನ.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟರು. ಇಪ್ಪತ್ತೆಂಟು.

ಇಪ್ಪತ್ತೊಂಬತ್ತು ಇದ್ದದ್ದು ಇಪ್ಪತ್ತೆಂಟಾಗಿತ್ತು. ಡಾಕ್ಟರು ಏನೂ ಬಯ್ಯಲಿಲ್ಲ. ಆದರೆ ನನಗೆ ಹೆದರಿಕೆಯಾಯಿತು. ನಮ್ಮವರ ಅಪ್ಪ ಐವತ್ತು ದಾಟುವ ಮೊದಲೇ ಎದೆ ಹಿಡಿದುಕೊಂಡು ಹೋದವರು. ನಮ್ಮವರಿಗೆ ಆಗ ಐವತ್ತೊಂದು. ಮನೆಗೆ ಬಂದವರು ಫ್ಯಾನಿನ ಕಡೆ ನೋಡುತ್ತ ಮಲಗಿದರು. ನನ್ನ ಕಣ್ಣು ತಪ್ಪಿಸುತ್ತಿದ್ದಾರೆ ಎನಿಸಿತಾದರೂ ಬೇಸರ ಇರಬೇಕು ಎಂದುಕೊಂಡೆ.

ಅದಾಗಿ ಎರಡು ದಿನಕ್ಕೆ ಮಾರ್ಕೆಟ್ಟಿಗೆ ಮೆಂತೆ ತರಲು ಹೋದೆ. ಆಡೂರಿನಿಂದ ಸೊಪ್ಪು ತರುವ ಅಜ್ಜಿ ಒಬ್ಬಳಿದ್ದಾಳೆ. ವಾರದಲ್ಲಿ ಒಂದೆರಡು ದಿನ ಹಾನಗಲ್ಲಿನಲ್ಲಿ ಕೂರುತ್ತಾಳೆ, ಉಳಿದ ದಿನ ನಮ್ಮವರ ಬಸ್ಸು ಹತ್ತಿ ಶಿಗ್ಗಾಂವಿಗೆ ಒಯ್ಯುತ್ತಾಳೆ. ನಾನು ಯಾರೆಂದು ಪಕ್ಕದವಳು ಹೇಳಿದಳು. ಅಜ್ಜಿ ನನ್ನ ಕೈ ಹಿಡಿದುಕೊಂಡಳು.

"ಏ ಯವ್ವಾ, ನೀನ ಏನ ಕಂಡಕ್ಟರನ ಮನ್ಯಾಕಿ! ನಿನ್ನ ಅಗಸಿ ಚಟ್ನಿ ಏನ ರುಚಿ ಐತವಾ! ನಿನ್ನೆ ಮಡಕಿಕಾಳಿಗೆ ಮಾತ್ರ ಒಂದು ಹಳ್ಳು ಉಪ್ಪು ಕಡಿಮಿ ಬಿದ್ದಿತ್ತು."

"ನಿಮಗ ಹೆಂಗ ಗೊತ್ತು ಅಜ್ಜಿ?"

"ಉಣ್ಣಾಕಿಗೆ ಗೊತ್ತಾಗಲಾರದನ? ದಿನಾ ಕೊಡತಾನಲ್ಲ ನಿನ್ನ ಗಂಡ. ನನಗೊಂದು ರೊಟ್ಟಿ, ಡ್ರೈವರಗ ಎರಡು, ಶಿಗ್ಗಾಂವಿ ಹೋಟೆಲ್ಲಿನಾವಗ ಕಾಳಪಲ್ಯೆ. ಅಂವಾ ಅಂತೂ ನಿನ್ನ ಡಬ್ಬಿ ದಾರಿ ಕಾಯಕೋತ ನಿಂತಿರತಾನ."

ಮೆಂತೆ ಅಲ್ಲೇ ಬಿಟ್ಟು ಮನೆಗೆ ಬಂದೆ. ಸಂಜೆ ಅವರು ಖಾಲಿ ಡಬ್ಬಿ ಕೆಳಗಿಟ್ಟ ಕೂಡಲೇ ಕೇಳಿದೆ: "ಇವತ್ತ ಬುತ್ತಿ ಯಾರ್ಯಾರು ಉಂಡ್ರು?"

ಅವರು ಸಿಕ್ಕಿಬಿದ್ದ ಹುಡುಗನಂತೆ ತಲೆ ಕೆರೆದುಕೊಂಡರು. "ಬುತ್ತಿ ಬಿಚ್ಚಿದ ಮ್ಯಾಲ ಒಬ್ಬನ ಹೆಂಗ ಉಣ್ಣಲಿ? ಬಾಜೂಕ ಮಂದಿ ಕುಂತಿರತಾರ. ಬರ್ರಿ ಅಂದೆ, ಬಂದ್ರು."

"ಮತ್ತ ನೀವು?"

"ಅವರರ ಖಾಲಿ ಕೈಲೆ ಇಸಗೋತಾರೇನ? ಡಬ್ಬಿ ತೊಳದು ಮಿರ್ಚಿ ಹಾಕಿ ಕೊಡ್ತಾರ. ಬ್ಯಾಡ ಅಂದ್ರ ಸಿಟ್ಟಾಗ್ತಾರ."

ನನಗೆ ಅಳು ಬರಬೇಕಿತ್ತು. ಅದರ ಬದಲು ನಗು ಬಂತು. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ, ಅವರೂ ನಗತೊಡಗಿದರು. ಮೂರು ತಿಂಗಳು ನಸುಕಿನಲ್ಲಿ ಎದ್ದು ನಾನು ಸುಧಾರಿಸಿದ್ದು ಡ್ರೈವರನ ರಕ್ತವನ್ನು. ಆ ಡ್ರೈವರ್ ಮೊದಲೇ ಬಾರಕೋಲಿನಂತಿದ್ದ ಮನುಷ್ಯ, ಅವನಿಗೆ ಯಾವ ಬಸ್ಸಿನ ಕೊರತೆಯೂ ಇರಲಿಲ್ಲ.

ಉಪಾಯ ಹೇಳಿದವಳು ಅಜ್ಜಿಯೇ. ನಾನು ಮರುದಿನ ಹೋಗಿ ಎಲ್ಲ ಬಿಡಿಸಿ ಹೇಳಿದಾಗ ಅವಳು ಕೆನ್ನೆಗೆ ಕೈ ಇಟ್ಟುಕೊಂಡು ಕೇಳಿದಳು. "ಅಯ್ಯ ಶಿವನ! ಅಂವನ ಔಷಧ ನಾವು ಉಂಡೀವೇನ? ನೀ ಹೋಗು, ನಾ ನೋಡ್ಕೋತೇನಿ."

ಅವಳು ನೋಡಿಕೊಂಡ ರೀತಿಯನ್ನು ಮಾರನೆಯ ದಿನ ಸಂಜೆ ನಮ್ಮವರು ನಟಿಸಿ ತೋರಿಸಿದರು. ಶಿಗ್ಗಾಂವಿಯಲ್ಲಿ ಬಸ್ಸು ನಿಂತ ಕೂಡಲೇ ಅಜ್ಜಿ ಸೀಟಿನ ಕಂಬಿ ಹಿಡಿದು ಎದ್ದು ನಿಂತಳಂತೆ. "ಕೇಳ್ರಿ ಎಲ್ಲಾರೂ. ರೊಟ್ಟಿ ಹಬ್ಬದಾಗ ರೊಟ್ಟಿ ಕೊಟ್ರ ತಿರಗಿ ಏನ ಕೊಡ್ತೀರಿ? ರೊಟ್ಟಿ ಕೊಡ್ತೀರೋ ಮಿರ್ಚಿ ಕೊಡ್ತೀರೋ? ಕಂಡಕ್ಟರನ ಬುತ್ತಿ ಉಣ್ಣಾವ್ರು ನಾಳಿಂದ ಕಾಳು ತರ್ರಿ, ಸೊಪ್ಪು ತರ್ರಿ, ಹಣ್ಣು ತರ್ರಿ. ಕರದದ್ದು ತಂದವರಿಗೆ ಬಸ್ಸಿನ್ಯಾಗ ಜಾಗ ಇಲ್ಲ!"

"ಬಸ್ ನಿಂದೇನ ಅಜ್ಜಿ?" ಎಂದು ಯಾರೋ ಹಿಂದಿನಿಂದ ಕೂಗಿದರಂತೆ.

"ಪುಕ್ಕಟೆ ಬಿಟ್ಟಾರಲ್ಲ, ನಂದ!"

ಆಮೇಲೆ ಡಬ್ಬಿಯ ಲಕ್ಷಣವೇ ಬದಲಾಯಿತು. ಕೊಟ್ಟ ಡಬ್ಬಿಯನ್ನು ಖಾಲಿ ತಿರುಗಿಸಬಾರದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೇಲಿನ ಅಂತಸ್ತಿನಲ್ಲಿ ತೊಳೆದ ಹಕ್ಕರಕಿ ಸೊಪ್ಪು ಇದ್ದರೆ ಅಜ್ಜಿ ಬಂದಿದ್ದಳು. ನಾಲ್ಕು ಬದಾಮು ಇದ್ದರೆ ಸವಣೂರಿನ ಶಾಲೆಗೆ ಹೋಗುವ ಶಿಕ್ಷಕಿ. ಪೇರಲ ಹಣ್ಣು ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಹೊರಗೆ ಹಣ್ಣು ಮಾರುವವಳದು. ಬಸ್ಸು ಹತ್ತದೆಯೇ ನಾನು ದಿನಾ ಸಂಜೆ ಅವರ ರೂಟನ್ನು ಡಬ್ಬಿಯಿಂದ ತೆಗೆದು ತಾಟಿನಲ್ಲಿ ಹಾಕಿಕೊಂಡು ಉಣ್ಣುತ್ತಿದ್ದೆ.

ಶಿಗ್ಗಾಂವಿಯ ಹೋಟೆಲ್ಲಿನವನು ಮಾತ್ರ ಒಂದು ವಾರ ಮುನಿಸಿಕೊಂಡ. "ನನ್ನ ಎಣ್ಣಿ ಮ್ಯಾಲ ಸಂಶಯ ಬಂತೇನ್ರಿ ನಿಮಗ?" ಎಂದನಂತೆ. ನಮ್ಮವರು, "ಎಣ್ಣಿ ಮ್ಯಾಲ ಅಲ್ಲೋ ಮಾರಾಯ, ನನ್ನ ಮ್ಯಾಲ" ಎಂದರಂತೆ. ಎಂಟನೆಯ ದಿನ ಅವನೇ ಮೊಳಕೆ ಹೆಸರಿಗೆ ಉಳ್ಳಾಗಡ್ಡಿ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ, ಮೊದಲ ಪ್ಲೇಟು ತಂದು ಅವರ ಮುಂದಿಟ್ಟ. ಪಕ್ಕದವರು ನಮಗೂ ಅದೇ ಬೇಕೆಂದರು. ಅದಕ್ಕೆ 'ಕಂಡಕ್ಟರ್ ಪ್ಲೇಟ್' ಎಂದು ಹೆಸರು ಬಿತ್ತು. ಡ್ರೈವರ್ ಇದರಿಂದ ಬಹಳ ನೊಂದುಕೊಂಡ. "ಬಸ್ ಹೊಡಿಯಾಂವ ನಾನು, ಪ್ಲೇಟಿಗೆ ಹೆಸರು ಇವರದು," ಎಂದು ಮನೆಗೆ ಬಂದು ನನ್ನ ಹತ್ತಿರ ದೂರು ಹೇಳಿದ. ಹೇಳುತ್ತ ಹೇಳುತ್ತ ಎರಡು ರೊಟ್ಟಿ ತಿಂದ.

ತಂಬಾಕು ಬಿಡಿಸುವುದು ಇಷ್ಟು ಸುಲಭವಾಗಲಿಲ್ಲ. ಬಿಟ್ಟ ವಾರ ಅವರು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ರಜೆ ಹಾಕಿ ಮನೆಯ ಎಲ್ಲ ಚಿಲಕಗಳಿಗೆ ಎಣ್ಣೆ ಬಿಟ್ಟರು, ಅಟ್ಟದ ಮೇಲಿನ ಪಾತ್ರೆ ಇಳಿಸಿ ಮತ್ತೆ ಏರಿಸಿದರು, ನಾನು ಅಕ್ಕಿ ಆರಿಸುವುದು ತಪ್ಪು ಎಂದು ತಾವೇ ಆರಿಸಲು ಕುಳಿತರು. ಬಾಯಿ ಬಿಡುವಿರಬಾರದೆಂದು ನಾನು ಹುರಿದ ಅಗಸಿ ಮತ್ತು ಬಡೇಸೋಪು ಕೂಡಿಸಿ ಸಣ್ಣ ಡಬ್ಬಿಯಲ್ಲಿ ಕೊಟ್ಟೆ. ಅದು ಅವರ ಅಂಗಿಯ ಜೇಬಿನಲ್ಲಿ ಕೊನೆಯವರೆಗೂ ಇತ್ತು.

ಸಂಜೆ ಕೆರೆಯ ಕಡೆ ನಡೆಯುವುದು ಆಗಲೇ ಶುರುವಾದದ್ದು. ಮೊದಮೊದಲು ಅವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಅವರಿಗೆ ಬಸ್ಸಿನ ಸುದ್ದಿ ಹೇಳುವ ಚಟ. ಹಿಂದೆ ತಿರುಗಿ ತಿರುಗಿ ಹೇಳುತ್ತ ಒಂದು ದಿನ ಕಲ್ಲಿಗೆ ಎಡವಿದರು. "ನೀ ಬಾಜೂಕ ಬಾ. ಇಲ್ಲಂದ್ರ ಎದಿ ಚೊಲೋ ಆಗಿ ಕಾಲು ಮುರೀತೈತಿ," ಎಂದರು. ಅಂದಿನಿಂದ ಪಕ್ಕದಲ್ಲೇ ನಡೆದೆ. ಎದುರಿಗೆ ಪರಿಚಯದವರು ಬಂದರೆ ಮೊದಲು ಸರಿದು ನಿಲ್ಲುತ್ತಿದ್ದೆ, ಆಮೇಲೆ ಅದೂ ಬಿಟ್ಟುಹೋಯಿತು.

ಮುಂದಿನ ರಿಪೋರ್ಟಿನಲ್ಲಿ ಮೂವತ್ನಾಲ್ಕು. ಅವರು ಅದನ್ನು ಬಸ್ಸಿನಲ್ಲಿ ಓದಿ ಹೇಳಿದರಂತೆ, ಜನ ಚಪ್ಪಾಳೆ ತಟ್ಟಿದರಂತೆ. ಅದರ ನಂತರ ಮೂವತ್ತೆಂಟು. ಅವತ್ತು ಕೆರೆಯ ದಂಡೆಯ ಮೇಲೆ ಕುಳಿತಾಗ ಪಂಥ ಕಟ್ಟಿದರು.

"ಇನ್ನು ಎರಡ ಉಳದಾವ. ನಲವತ್ತು ದಾಟಿದ್ರ ಏನ ಕೊಡ್ತಿ?"

"ಏನ ಬೇಕು? ಮಿರ್ಚಿನ?"

"ಮಿರ್ಚಿ ಒಂದು. ಅದೂ ಅರ್ಧ ನಿಂದು. ಮತ್ತ ನೀ ನನ್ನ ಬಸ್ಸಿಗೆ ಬರಬೇಕು. ಬೆಳಿಗ್ಗೆ ಹತ್ತಿ ಸಂಜಿಗೆ ಇಳೀಬೇಕು. ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಾ. ನಿನ್ನ ಬುತ್ತಿ ಉಂಡವರು ನಿನ್ನ ಮುಖ ನೋಡಬೇಕಂತಾರ."

"ಎಲ್ಲಿ ಕುಂದ್ರಲಿ?"

"ನನ್ನ ಸೀಟಿನ ಬಾಜೂಕ. ನಿಂಗೂ ಟಿಕೆಟ್ ಹರೀತೇನಿ ಮತ್ತ. ಹೆಂಡ್ತಿ ಅಂತ ಬಿಡಂಗಿಲ್ಲ. ಚೆಕಿಂಗ್ ಬಂದ್ರ ನನ್ನ ನೌಕರಿ ಹೋಗತೈತಿ."

ಪುಕ್ಕಟೆಯಾದರೂ ಹೆಣ್ಣುಮಕ್ಕಳಿಗೆ ಟಿಕೆಟು ಕೊಡಲೇಬೇಕು. ದುಡ್ಡಿನ ಜಾಗದಲ್ಲಿ ಸೊನ್ನೆ ಇರುತ್ತದೆ, ಅಷ್ಟೇ. ನಾನು ಒಪ್ಪಿಕೊಂಡೆ. ಆಚೆ ಮನೆಯವರಿಗೆ ಕಾಣದಂತೆ ಒಂದು ಸೀರೆಯನ್ನೂ ಇಸ್ತ್ರಿಗೆ ಕೊಟ್ಟು ತಂದಿಟ್ಟಿದ್ದೆ. ಇದು ಅವರಿಗೆ ಗೊತ್ತಿರಲಿಲ್ಲ.

ಕೊನೆಯ ಸಲ ರಕ್ತ ಕೊಟ್ಟದ್ದು ಸೋಮವಾರ. ರಿಪೋರ್ಟು ಬಂದದ್ದು ಬುಧವಾರ. ಅದನ್ನು ತರಲು ಯಾರಿಗೂ ನೆನಪಾಗಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಡ್ರೈವರ್ ಹೋಗಿ ಇಸಿದುಕೊಂಡು ಬಂದ. ಕಾಗದವನ್ನು ನನ್ನ ಕೈಗೆ ಕೊಡದೆ ತಾನೇ ಬಿಚ್ಚಿ ಓದಿದ.

"ನಲವತ್ತೆರಡು ಆಗೈತ್ರಿ ಅಕ್ಕಾರ," ಎಂದ.

ಡಾಕ್ಟರ ಹತ್ತಿರ ಹೋಗಿ ಕೇಳಿದೆ, ಇಷ್ಟೆಲ್ಲ ಮಾಡಿದ್ದು ದಂಡವಾಯಿತೇ ಎಂದು. ಇದು ಬೇರೆ ರೋಗ, ಅದು ಬೇರೆ ಎಂದು ಅವರು ನಿಧಾನವಾಗಿ ತಿಳಿಸಿ ಹೇಳಿದರು. ಅವರ ಕಣ್ಣಲ್ಲೂ ನೀರಿತ್ತು. ಅವರು ಹೇಳಿದ್ದು ನನಗೆ ತಿಳಿಯಿತು. ಆದರೂ ನಾನು ಮನೆಗೆ ಬಂದು ನನಗೆ ತಿಳಿದ ಲೆಕ್ಕದಲ್ಲಿ ಯೋಚಿಸಿದೆ. ಇಪ್ಪತ್ತೈದು ವರ್ಷ ಅವರು ಉಂಡ ಮೇಲೆ ನಾನು ಉಣ್ಣುತ್ತಿದ್ದೆ. ಕೊನೆಯ ಹದಿಮೂರು ತಿಂಗಳು ಡಬ್ಬಿಯಲ್ಲಿ ಏನು ಬಂದಿದೆ ಎಂದು ನೋಡುವ ಆತುರಕ್ಕೆ ಇಬ್ಬರೂ ಕೂಡಿಯೇ ಕುಳಿತು ಉಂಡೆವು. ಅದು ದಂಡವಾಗಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಬಿಳಿಜೋಳದ ರೊಟ್ಟಿ ಬಡಿದೆ. ಮೂರು ಅಂತಸ್ತಿನ ಡಬ್ಬಿ ತುಂಬಿದೆ. ಇಸ್ತ್ರಿ ಮಾಡಿಟ್ಟ ಸೀರೆ ಉಟ್ಟು ಬಸ್ ಸ್ಟ್ಯಾಂಡಿಗೆ ಹೋದೆ. ನಲವತ್ತು ದಾಟಿದ್ದರಿಂದ ನಾನು ಹತ್ತಲೇಬೇಕಿತ್ತು.

ಹೊಸ ಕಂಡಕ್ಟರ್ ಚಿಕ್ಕ ವಯಸ್ಸಿನವನು. ಡ್ರೈವರ್ ಇಳಿದು ಬಂದು ಅವನ ಕಿವಿಯಲ್ಲಿ ಏನೋ ಹೇಳಿದ. ಹುಡುಗ ತನ್ನ ಸೀಟಿನ ಪಕ್ಕದ ಜಾಗ ಒರೆಸಿ ಕೊಟ್ಟ. ಅಜ್ಜಿ ಸೊಪ್ಪಿನ ಗಂಟಿನ ಜೊತೆ ಹತ್ತಿ, ನನ್ನನ್ನು ನೋಡಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು: "ಅಗಸಿ ಚಟ್ನಿ ಬಂತ್ರಿ!"

ಅವತ್ತು ನಾನು ಎಷ್ಟು ಜನರ ಕೈಯ ರೊಟ್ಟಿ ತಿಂದೆನೋ ಲೆಕ್ಕವಿಲ್ಲ. ಶಿಕ್ಷಕಿ ತನ್ನ ಬದಾಮು ಕೊಟ್ಟಳು. ಅಜ್ಜಿ ನನ್ನ ಮಡಕಿಕಾಳು ತಿಂದು, ಇವತ್ತು ಉಪ್ಪು ಸರಿಯಾಗಿದೆ ಎಂದು ಸರ್ಟಿಫಿಕೇಟು ಕೊಟ್ಟಳು. ಶಿಗ್ಗಾಂವಿಯ ಹೋಟೆಲ್ಲಿನಲ್ಲಿ ಜನ ಇನ್ನೂ 'ಒಂದು ಕಂಡಕ್ಟರ್ ಪ್ಲೇಟ್' ಎಂದೇ ಕೇಳುತ್ತಿದ್ದರು. ಹೋಟೆಲ್ಲಿನವನು ನನ್ನ ಮುಂದೆ ಆ ಪ್ಲೇಟು ಇಟ್ಟು, ಪಕ್ಕಕ್ಕೆ ಕಾಗದದಲ್ಲಿ ಒಂದೇ ಒಂದು ಬಿಸಿ ಮಿರ್ಚಿ ಇಟ್ಟ. "ಪಂಥದ್ದು ನನಗ ಹೇಳಿದ್ರು," ಎಂದ. ನಾನು ಅದನ್ನು ಮುರಿದು ಅರ್ಧ ತಿಂದೆ. ಇನ್ನರ್ಧವನ್ನು ಡ್ರೈವರನಿಗೆ ಕೊಟ್ಟೆ. ಅವನು ಬಸ್ಸಿನ ಹಿಂದೆ ಹೋಗಿ ತಿಂದು, ಮುಖ ತೊಳೆದುಕೊಂಡು ಬಂದ.

ಸವಣೂರು ನೋಡಿದೆ, ಸಂಜೆಯ ಹೊತ್ತಿಗೆ ಹಿರೇಕೆರೂರು ನೋಡಿದೆ. ದಾರಿಯ ಎರಡೂ ಕಡೆ ಗೋವಿನಜೋಳ ಆಳೆತ್ತರ ನಿಂತಿತ್ತು. ಅವರು ದಿನಾ ಹೇಳುತ್ತಿದ್ದ ತಿರುವುಗಳು, ಸೇತುವೆಗಳು, ಯಾವ ನಿಲುಗಡೆಯಲ್ಲಿ ಯಾರು ಜಗಳ ತೆಗೆಯುತ್ತಾರೆ ಎಂಬುದು, ಎಲ್ಲ ಹೇಳಿದ ಹಾಗೆಯೇ ಇತ್ತು. ಮನೆಗೆ ಬಂದಾಗ ಡಬ್ಬಿಯ ಮೂರು ಅಂತಸ್ತೂ ತುಂಬಿದ್ದವು.

ಹುಡುಗ ಕೊಟ್ಟ ಸೊನ್ನೆಯ ಟಿಕೆಟುಗಳನ್ನು ರಕ್ತದ ರಿಪೋರ್ಟುಗಳ ಜೊತೆ ಇಟ್ಟಿದ್ದೇನೆ. ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಮೂವತ್ನಾಲ್ಕು, ಮೂವತ್ತೆಂಟು, ನಲವತ್ತೆರಡು, ಐದೂ ಕಾಗದಗಳಿವೆ. ನಮ್ಮವರು ಹರಿದು ಕೊಟ್ಟ ಟಿಕೆಟು ಒಂದೂ ನನ್ನ ಹತ್ತಿರ ಇಲ್ಲ.